ಹಿತ್ತಿಲ ಬಾಗಿಲ ಅಗುಳಿ

ಮನೆಗೆ ಬೀಗ ಹಾಕಿ ಹೊರಟವರು ಬೀದಿಯ ತಿರುವಿನಿಂದ ಹಿಂದಿರುಗಿ ಬಂದು, ಬೀಗವನ್ನು ಮತ್ತೊಮ್ಮೆ ಎಳೆದು ನೋಡುವುದು ಎಲ್ಲ ಊರುಗಳಲ್ಲಿಯೂ ಕಾಣುವ ನೋಟ. ಹೊಳೆನರಸೀಪುರದ ಈ ನಿವೃತ್ತ ಮೇಷ್ಟರಂತೂ ಎರಡು ಸಲ ಎಳೆದು ನೋಡುವವರು. ರಾತ್ರಿ ಮಲಗುವ ಮೊದಲು ಮುಂಬಾಗಿಲ ಚಿಲಕ, ಅಡುಗೆಮನೆಯ ಕಿಟಕಿ, ಹಿತ್ತಿಲ ಬಾಗಿಲ ಅಗುಳಿ, ಇವಿಷ್ಟನ್ನೂ ತಾವೇ ಮುಟ್ಟಿ ನೋಡದೆ ಅವರಿಗೆ ನಿದ್ರೆ ಬಾರದು. ಆಯುಷ್ಯವೆಲ್ಲ ಮಕ್ಕಳಿಗೆ ಗಣಿತ ಕಲಿಸಿದವರು; ತಾಳೆ ನೋಡದ ಲೆಕ್ಕವನ್ನು ಅವರು ಲೆಕ್ಕವೆಂದೇ ಒಪ್ಪುವವರಲ್ಲ. ಅಂಥವರ ಮನೆಯಲ್ಲಿ ಒಂದು ಬಾಗಿಲು ಎಂಟು ವರ್ಷಗಳ ಕಾಲ ತೆರೆದೇ ಇತ್ತು. ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ.

ಆ ಬಾಗಿಲು ಮರದ್ದಲ್ಲ. ನಡುಮನೆಯ ಗೋಡೆಗೂಡಿನಲ್ಲಿ, ಹಿಂದೆ ರೇಡಿಯೋ ಇದ್ದ ಸ್ಥಳದಲ್ಲಿ, ಪಂಚಾಂಗದಷ್ಟು ಅಗಲದ ಒಂದು ಲೋಹದ ಪೆಟ್ಟಿಗೆ ಕುಳಿತಿತ್ತು. ಅದರ ಮುಂಭಾಗದಲ್ಲಿ ಮೂರು ಪುಟ್ಟ ದೀಪಗಳು. 2014ರಲ್ಲಿ ಮಗ ಅಮೆರಿಕದ ಸಿಯಾಟಲ್ ನಗರಕ್ಕೆ ಉದ್ಯೋಗದ ಮೇಲೆ ಹೊರಡುವ ಮುನ್ನ ಅದನ್ನು ಅಲ್ಲಿ ಪ್ರತಿಷ್ಠಾಪಿಸಿ, "ಅಪ್ಪ, ಇದನ್ನು ಯಾರೂ ಮುಟ್ಟಬೇಡಿ" ಎಂದು ಹೇಳಿ ಹೋಗಿದ್ದ. ಮೇಷ್ಟರ ಮಡದಿ ನಿತ್ಯವೂ ಅದರ ಧೂಳೊರೆಸುತ್ತಿದ್ದರು. ಆಯುಧಪೂಜೆಯ ದಿನ ಅದಕ್ಕೂ ಒಂದು ಬೊಟ್ಟು ಕುಂಕುಮ ಸಲ್ಲುತ್ತಿತ್ತು. ಅದರಾಚೆಗೆ ಯಾರೂ ಮುಟ್ಟಲಿಲ್ಲ.

ಪೆಟ್ಟಿಗೆಯ ಹೆಸರು ಫೈರ್‌ವಾಲ್, ಬೆಂಕಿಗೋಡೆ. ಕಟ್ಟಡದ ಒಂದು ಭಾಗದಲ್ಲಿ ಹೊತ್ತಿದ ಬೆಂಕಿ ಇನ್ನೊಂದು ಭಾಗಕ್ಕೆ ಹಬ್ಬದಿರಲೆಂದು ನಡುವೆ ಎಬ್ಬಿಸುವ ಗೋಡೆಯ ಹೆಸರನ್ನೇ ಗಣಕದವರು ಎರವಲು ಪಡೆದರು. ಆದರೆ ಅದರ ಕೆಲಸ ಗೋಡೆಯದಕ್ಕಿಂತ ಹೆಚ್ಚಾಗಿ ಬಾಗಿಲು ಕಾಯುವವನದು. ಮನೆಯೊಳಗಿನವರು ಹೊರಲೋಕಕ್ಕೆ ಕಳುಹಿಸಿದ ಪ್ರತಿಯೊಂದು ಕೋರಿಕೆಯನ್ನೂ ಅದು ನೆನಪಿನಲ್ಲಿಟ್ಟುಕೊಳ್ಳುತ್ತದೆ; ಅದಕ್ಕೆ ಉತ್ತರವಾಗಿ ಬಂದುದನ್ನು ಒಳಗೆ ಬಿಡುತ್ತದೆ. ಯಾರೂ ಕರೆಯದೆ ತಾನಾಗಿ ಬಂದು ಕದ ತಟ್ಟಿದ್ದನ್ನು ಸದ್ದಿಲ್ಲದೆ ಹೊರಗೇ ನಿಲ್ಲಿಸುತ್ತದೆ. ಹೊರಗಿನವರು ತಾವಾಗಿ ಒಳಗೆ ಬರಬೇಕಾದರೆ ಮನೆಯವರೇ ಒಂದು ನಿಯಮ ಬರೆದು, ಅವರಿಗಾಗಿ ಕಿಂಡಿ ತೆರೆಯಬೇಕು.

ಪೆಟ್ಟಿಗೆಯೊಳಗೆ ಕುಳಿತು ಈ ಕಾವಲು ನಡೆಸುತ್ತಿದ್ದ ತಂತ್ರಾಂಶ ಪಿಎಫ್‌ಸೆನ್ಸ್ ಎಂಬುದು. 2003ರಲ್ಲಿ ಮ್ಯಾನುಯೆಲ್ ಕಾಸ್ಪರ್ ಎಂಬಾತ ಪ್ರಕಟಿಸಿದ ಮೊನೊವಾಲ್‌ನಿಂದ 2004ರಲ್ಲಿ ಕವಲೊಡೆದು ಬೆಳೆದದ್ದು. ಹಣ ತೆರದೆ ಯಾರು ಬೇಕಾದರೂ ತಮ್ಮ ಯಂತ್ರಕ್ಕೆ ಹಾಕಿಕೊಳ್ಳಬಹುದಾದದ್ದು. ಪೆಟ್ಟಿಗೆಯಾದರೋ ಸ್ವಿಟ್ಜರ್ಲೆಂಡಿನ ಪಿಸಿ ಎಂಜಿನ್ಸ್ ಸಂಸ್ಥೆಯ ಅಲಿಕ್ಸ್ ಹಲಗೆ. ಅದರ ಸ್ಮೃತಿ 256 ಮೆಗಾಬೈಟ್. ಸೆಕೆಂಡಿಗೆ 100 ಮೆಗಾಬಿಟ್‌ಗಿಂತ ವೇಗದ ಹರಿವನ್ನು ಅದರ ತಂತಿದ್ವಾರಗಳು ಅರಿಯವು. ಟೆಲಿಫೋನ್ ತಂತಿಯ ಮೇಲೆ ತೊಟ್ಟಿಕ್ಕುತ್ತಿದ್ದ ಇಂಟರ್‌ನೆಟ್ಟಿಗೆ ಅಷ್ಟು ಧಾರಾಳವಾಯಿತು.

ಆದರೆ ಕಾಲ ನಿಲ್ಲಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಬಂದ ಪಿಎಫ್‌ಸೆನ್ಸ್ 2.4ನೆಯ ಆವೃತ್ತಿ, ಅಲಿಕ್ಸ್‌ನಂತಹ 32 ಬಿಟ್ ಯಂತ್ರಗಳನ್ನು ಕೈಬಿಟ್ಟಿತು. ಅದಾದ ಸ್ವಲ್ಪ ಕಾಲದ ಮೇಲೆ, ಹೊಸದಾಗಿ ಪತ್ತೆಯಾದ ದೋಷಗಳಿಗೆ ತೇಪೆ ಹಾಕುವ ಆವೃತ್ತಿಗಳೂ ಈ ಪೆಟ್ಟಿಗೆಯ ಪಾಲಿಗೆ ಇಲ್ಲವಾದವು. ಕಾವಲುಗಾರ ಮುದುಕನಾಗಿದ್ದ, ದೀಪಗಳು ಮಾತ್ರ ಮೊದಲಿನಂತೆಯೇ ಮಿನುಗುತ್ತಿದ್ದವು. ನಡೆಯುವ ಗಾಡಿಯ ಕೀಲನ್ನು ಏಕೆ ಬಿಚ್ಚಬೇಕೆಂಬುದು ಮೇಷ್ಟರ ವಾದ. 2024ರ ಮಳೆಗಾಲದಲ್ಲಿ ಬೀದಿಗೆ ಗಾಜಿನ ಎಳೆಯ ಸಂಪರ್ಕ ಬಂದು, ಹೊಸ ವೇಗಕ್ಕೆ ಹಳೆಯ ಪೆಟ್ಟಿಗೆ ಅಡ್ಡ ಕುಳಿತಾಗ ಆ ವಾದ ಸೋತಿತು.

ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಸೋದರಳಿಯ ಒಂದು ಶನಿವಾರ ಬಸ್ಸಿಳಿದು ಬಂದ. ಚೀಲದಲ್ಲಿ ಹೊಸ ಪೆಟ್ಟಿಗೆ: 64 ಬಿಟ್, ನಾಲ್ಕು ತಂತಿದ್ವಾರಗಳು.

"ಐದು ನಿಮಿಷದ ಕೆಲಸ, ಮಾವ. ಹಳೆಯದರಲ್ಲಿರುವ ನಿಯಮಗಳೆಲ್ಲ ಒಂದೇ ಕಡತದಲ್ಲಿವೆ. ಅದನ್ನು ತೆಗೆದು ಹೊಸದಕ್ಕೆ ಹಾಕಿಬಿಟ್ಟರೆ ಆಯಿತು" ಎಂದ.

"ಆ ಕಡತದಲ್ಲಿ ಏನು ಬರೆದಿದೆ?" ಎಂದರು ಮೇಷ್ಟರು.

"ಭಾವ ಬರೆದದ್ದು. ಸರಿಯಾಗಿಯೇ ಇರುತ್ತದೆ."

"ಚಾರ್ಜು ವಹಿಸಿಕೊಳ್ಳುವವನು ಪಟ್ಟಿ ಓದದೆ ರುಜು ಹಾಕುತ್ತಾನೆಯೇ? ಓದಯ್ಯ, ಒಂದೊಂದಾಗಿ."

ಹುಡುಗನಿಗೆ ಬೇಸರವಾಯಿತು. ಆದರೆ ಅತ್ತೆ ಅಷ್ಟರಲ್ಲಿ ಕಾಫಿ ಮತ್ತು ಕೋಡುಬಳೆ ತಂದಿಟ್ಟರು. ಪರದೆಯ ಮೇಲಿನ ಒಂದೊಂದು ಸಾಲನ್ನೂ ಅವನು ಗಟ್ಟಿಯಾಗಿ ಓದತೊಡಗಿದ. ಮೇಷ್ಟರು ನೋಟುಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದರು. ಅಪ್ಪನ ಲ್ಯಾಪ್‌ಟಾಪು, ಅಮ್ಮನ ಫೋನು, ಟೀವಿ. ಹನ್ನೊಂದನೆಯ ಸಾಲಿಗೆ ಬಂದಾಗ ಅವನು ತಡೆದ. ಮಗ ತನ್ನ ಗುರುತಿಗೆಂದು ಆ ನಿಯಮದ ಪಕ್ಕದಲ್ಲಿ ಬರೆದಿದ್ದ ಎರಡೇ ಪದಗಳು: "ಅಜ್ಜಿ ಕೋಣೆ". ನಿಯಮ ಬರೆದ ದಿನಾಂಕವನ್ನು ತಂತ್ರಾಂಶವೇ ದಾಖಲಿಸಿತ್ತು, 2016ರ ಆಗಸ್ಟ್.

ಮೇಷ್ಟರ ಪೆನ್ನು ನಿಂತಿತು. ಆ ವರ್ಷ ಅವರ ತಾಯಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ರಜೆಯಲ್ಲಿ ಬಂದಿದ್ದ ಮಗ, ದೂರದಿಂದಲೇ ಅಜ್ಜಿಯನ್ನು ನೋಡಬೇಕೆಂದು ಅವರ ಕೋಣೆಯಲ್ಲಿ ಒಂದು ಕ್ಯಾಮೆರಾ ಇರಿಸಿದ. ಬೆಂಕಿಗೋಡೆಯಲ್ಲಿ ಅದಕ್ಕೊಂದು ಕಿಂಡಿ ತೆರೆದ. ಅಜ್ಜಿ ಅದನ್ನು "ಹುಡುಗನ ಕಣ್ಣು" ಎಂದು ಕರೆಯುತ್ತಿದ್ದರು. ರಾತ್ರಿ ಅದರ ಕಡೆ ತಿರುಗಿಯೇ ಮಲಗುತ್ತಿದ್ದರು. 2018ರಲ್ಲಿ ಅವರು ತೀರಿಕೊಂಡರು. ಕ್ಯಾಮೆರಾ ಅಟ್ಟ ಸೇರಿತು. ಕಿಂಡಿ ಮುಚ್ಚಬೇಕೆಂಬುದು ಯಾರಿಗೂ ಹೊಳೆಯಲಿಲ್ಲ.

"ಕ್ಯಾಮೆರಾ ಇಲ್ಲದ ಮೇಲೆ ಕಿಂಡಿ ಬರಿ ಗೋಡೆಗೆ ತೆರೆದ ಹಾಗಲ್ಲವೇ?" ಎಂದು ಮೇಷ್ಟರು ಕೇಳಿದರು.

ಹುಡುಗ ಉತ್ತರ ಕೊಡದೆ ಪರಿಶೀಲಿಸಿದ. ಮರುವರ್ಷ ಗೇಟಿನ ಮೇಲೆ ಕಳ್ಳರ ಭಯಕ್ಕೆಂದು ಹೊಸ ಕ್ಯಾಮೆರಾ ಹಾಕಿಸಿದ್ದರಷ್ಟೆ. ಅದನ್ನು ಜೋಡಿಸಲು ಬಂದವನು, ಮನೆಯ ಜಾಲದಲ್ಲಿ ಖಾಲಿಯಿದ್ದ ಸಂಖ್ಯೆಯೊಂದನ್ನು ಅದಕ್ಕೆ ಕೊಟ್ಟು ಹೋಗಿದ್ದ. ಖಾಲಿಯಿದ್ದದ್ದು ಅಜ್ಜಿಯ ಕೋಣೆಯ ಸಂಖ್ಯೆ! ಗುಪ್ತಪದವೋ ಕಾರ್ಖಾನೆಯಿಂದ ಬಂದದ್ದೇ. ಕಳ್ಳರನ್ನು ನೋಡಲು ಇಟ್ಟ ಕಣ್ಣಿನ ಮೂಲಕ, ಲೋಕದ ಯಾರು ಬೇಕಾದರೂ ಮನೆಯ ಅಂಗಳವನ್ನು ನೋಡಬಹುದಾಗಿತ್ತು.

ಇದೇನೂ ಅಪರೂಪದ ಕಥೆಯಲ್ಲ. ಅಜ್ಜಿಯ ಕೋಣೆಗೆ ಕ್ಯಾಮೆರಾ ಬಂದ ವರ್ಷವೇ, 2016ರಲ್ಲಿ, ಮಿರಾಯ್ ಎಂಬ ದುಷ್ಟ ತಂತ್ರಾಂಶ ಜಗತ್ತಿನಲ್ಲಿ ಸುಳಿದಾಡಿತು. ಅದರ ಕೈಯಲ್ಲಿದ್ದ ಆಯುಧ, ಕಾರ್ಖಾನೆಯವರು ಹಾಕಿ ಕಳುಹಿಸುವ ಸುಮಾರು 60 ಗುಪ್ತಪದಗಳ ಒಂದು ಪಟ್ಟಿ, ಅಷ್ಟೆ. ಆ ಕೀಲಿಗಳನ್ನು ಒಂದೊಂದಾಗಿ ತಿರುವಿ ನೋಡಿ, ಲಕ್ಷಾಂತರ ಕ್ಯಾಮೆರಾಗಳನ್ನೂ ರೂಟರುಗಳನ್ನೂ ತನ್ನ ಸೈನ್ಯಕ್ಕೆ ಸೇರಿಸಿಕೊಂಡಿತು. ಆ ಅಕ್ಟೋಬರ್ 21ರಂದು ಡೈನ್ ಎಂಬ ಅಮೆರಿಕದ ಸಂಸ್ಥೆಯ ಮೇಲೆ ಅಂತಹ ಸೈನ್ಯ ಎರಗಿದಾಗ, ಟ್ವಿಟರ್, ನೆಟ್‌ಫ್ಲಿಕ್ಸ್‌ನಂತಹ ತಾಣಗಳು ಗಂಟೆಗಟ್ಟಲೆ ಅನೇಕರಿಗೆ ದೊರೆಯದಾದವು. ದೂರದ ಮಾತೇಕೆ? 2017ರ ಜುಲೈ ತಿಂಗಳ ಕೊನೆಯಲ್ಲಿ ಕರ್ನಾಟಕದ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಜಾಲಕ್ಕೇ ಇಂತಹ ಪೀಡೆ ತಗಲಿತು. ಬಲಿಯಾದವು, "ಅಡ್ಮಿನ್" ಎಂಬ ಮೂಲ ಗುಪ್ತಪದವನ್ನು ಬದಲಾಯಿಸದೆ ಬಿಟ್ಟಿದ್ದ ಮೋಡೆಮ್‌ಗಳು. ಗುಪ್ತಪದ ಬದಲಿಸಿಕೊಳ್ಳಿರೆಂದು ಸಂಸ್ಥೆ ಆಗ ಗ್ರಾಹಕರನ್ನು ಕೇಳಿಕೊಂಡಿತು. ಊರು ಕೊಳ್ಳೆ ಹೋದ ಮೇಲೆ ದಿಡ್ಡಿಬಾಗಿಲು ಹಾಕಿದರೆಂಬ ಗಾದೆಗೆ ಮುಪ್ಪೆಂಬುದಿಲ್ಲ.

ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳುತ್ತಿದ್ದ ಮೇಷ್ಟರ ಮಡದಿ ಮೆಲ್ಲನೆ ಕೇಳಿದರು:

"ಹಾಗಾದರೆ ಬೆಳಿಗ್ಗೆ ನಾನು ರಂಗೋಲಿ ಹಾಕುವುದನ್ನು ಯಾರಾದರೂ ನೋಡಿದ್ದಾರೆಯೇ?"

ಹುಡುಗನಲ್ಲಿ ಉತ್ತರವಿರಲಿಲ್ಲ. ಬಂದು ಹೋದವರ ದಿನಚರಿಯನ್ನು ಹಳೆಯ ಪೆಟ್ಟಿಗೆ ತನ್ನ ತಾತ್ಕಾಲಿಕ ಸ್ಮೃತಿಯಲ್ಲಷ್ಟೇ ಇಡುತ್ತಿತ್ತು. ಮೇಲಿಂದ ಮೇಲೆ ಬರೆದು ಅದರ ಪುಟ್ಟ ಕಾರ್ಡು ಸವೆಯಬಾರದೆಂದು ಮಾಡಿದ ಏರ್ಪಾಡು. ಕರೆಂಟು ಹೋದಾಗಲೆಲ್ಲ ಬರೆದದ್ದು ಅಳಿದುಹೋಗುತ್ತಿತ್ತು. ಎಂಟು ವರ್ಷಗಳ ಅತಿಥಿಗಳ ಲೆಕ್ಕ ತಾಳೆ ನೋಡಲು ಸಿಗುವಂತಿರಲಿಲ್ಲ. ಮೇಷ್ಟರು ಅಂದು ಊಟವನ್ನು ಅರ್ಧಕ್ಕೆ ಬಿಟ್ಟೆದ್ದರು.

ರಾತ್ರಿ ಮಗನಿಗೆ ಕರೆ ಹೋಯಿತು. ವಿಷಯ ಕೇಳಿ ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅಮ್ಮಾ, ನಾನು ನೋಡಿದ್ದೇನೆ" ಎಂದ.

ಅಜ್ಜಿ ಹೋದ ಮೇಲೆ ಒಂದು ದಿನ, ಏನೋ ನೆನೆದು, ಅವನು ಆ ವಿಳಾಸವನ್ನು ತೆರೆದನಂತೆ. ಖಾಲಿ ಪರದೆ ಕಂಡೀತೆಂದು ಕೊಂಡಿದ್ದವನಿಗೆ ಮನೆಯ ಅಂಗಳ ಕಂಡಿತು. ಸಿಯಾಟಲ್‌ನಲ್ಲಿ ಬೇಸಿಗೆಯ ಸಂಜೆ ಐದೂವರೆಯಾದಾಗ ಹೊಳೆನರಸೀಪುರದಲ್ಲಿ ಮರುದಿನ ಬೆಳಿಗ್ಗೆ ಆರು ಗಂಟೆ. ತಾಯಿ ನೀರು ಚಿಮುಕಿಸಿ, ಸೆರಗು ಸಿಕ್ಕಿಸಿಕೊಂಡು, ಚುಕ್ಕಿ ಇಡುತ್ತಿದ್ದರು. ಕೆಲಸ ಮುಗಿಸಿದ ಮೇಲೆ ಅದನ್ನು ನೋಡುವುದು ಅವನ ವಾಡಿಕೆಯಾಯಿತು. ಕಿಂಡಿ ತೆರೆದಿಡುವುದು ತಪ್ಪೆಂದು ಅವನು ಬಲ್ಲ. ಅದೇ ವಿದ್ಯೆಯಿಂದ ಅನ್ನ ತಿನ್ನುವವನು. ನಾಳೆ ಮುಚ್ಚೋಣವೆಂದು ಪ್ರತಿದಿನವೂ ಅಂದುಕೊಂಡ. ಹೇಳಿದರೆ ಅಪ್ಪ ಅಂದೇ ಮುಚ್ಚಿಸುತ್ತಾರೆಂದು ಹೇಳಲಿಲ್ಲ.

ಮೇಷ್ಟರಿಗೆ ಸಿಟ್ಟು ಬಂತು. ಬೈಯಲು ಬಾಯಿ ಬರಲಿಲ್ಲ. ಮಡದಿ ಫೋನು ತೆಗೆದುಕೊಂಡು, "ಮೊದಲೇ ಹೇಳಬಾರದಿತ್ತೇನೋ? ನಿನಗಾಗಿ ಇನ್ನೊಂದು ಸುತ್ತು ಎಳೆ ಹೆಚ್ಚಾಗಿ ಹಾಕುತ್ತಿದ್ದೆನಲ್ಲ" ಎಂದರು.

ಭಾನುವಾರ ಕೆಲಸ ಸಾಗಿತು. ಹೊಸ ಪೆಟ್ಟಿಗೆ ಎದ್ದ ಕೂಡಲೆ, ಯಾವ ದ್ವಾರ ಹೊರಗಿನದು, ಯಾವುದು ಒಳಗಿನದು ಎಂದು ಕೇಳಿತು. ಹುಡುಗ ಎರಡನ್ನೂ ಅದಲುಬದಲು ಮಾಡಿ ಅರ್ಧ ಗಂಟೆ ಮನೆಯ ಜಾಲವನ್ನೆಲ್ಲ ಕತ್ತಲಲ್ಲಿಟ್ಟ, ಆಮೇಲೆ ಸರಿಪಡಿಸಿದ. ಹಳೆಯ ಕಡತವನ್ನು ಇಡಿಯಾಗಿ ಹಾಕಲಿಲ್ಲ. ನೋಟುಬುಕ್ಕಿನಲ್ಲಿ ಮೇಷ್ಟರು ಗುರುತು ಹಾಕಿದ ನಿಯಮಗಳನ್ನಷ್ಟೇ ಹೊಸದಾಗಿ ಬರೆದ. ಕ್ಯಾಮೆರಾದ ಗುಪ್ತಪದ ಬದಲಾಯಿತು. ಮನೆಯ ಬೇರೆ ಯಂತ್ರಗಳನ್ನು ಮುಟ್ಟದಂತೆ ಅದಕ್ಕೆ ಪ್ರತ್ಯೇಕ ದ್ವಾರ ಸಿಕ್ಕಿತು. "ಅಜ್ಜಿ ಕೋಣೆ" ಎಂಬ ಸಾಲು ಹೊಸ ಪೆಟ್ಟಿಗೆಗೆ ಬರಲಿಲ್ಲ, ನೋಟುಬುಕ್ಕಿನಲ್ಲಿ ಉಳಿಯಿತು.

ಮಗನಿಗೆ ಕಿಂಡಿಯ ಬದಲು ಕೀಲಿ ದೊರೆಯಿತು. ವೈರ್‌ಗಾರ್ಡ್ ಎಂಬ ಏರ್ಪಾಡು ಅದು. ಸರಿಯಾದ ಕೀಲಿಯಿಲ್ಲದವನು ಎಷ್ಟು ತಟ್ಟಿದರೂ ಅದು ಓಗೊಡುವುದೇ ಇಲ್ಲ. ಅಲ್ಲೊಂದು ಬಾಗಿಲಿದೆಯೆಂಬುದೂ ಅವನಿಗೆ ತಿಳಿಯದು. ಕೀಲಿಯುಳ್ಳವನಿಗೆ ಎರಡು ಕೊನೆಗಳ ನಡುವೆ ಗೂಢಲಿಪಿಯ ಸುರಂಗವೊಂದು ತೆರೆಯುತ್ತದೆ. ಕೀಲಿ ಕಳೆದರೆ ಅದನ್ನೊಂದನ್ನೇ ರದ್ದುಮಾಡಬಹುದು. ಇಷ್ಟು ಮಾಡಲು ಹಿಡಿದದ್ದು ಮುಕ್ಕಾಲು ಗಂಟೆ. ಎಂಟು ವರ್ಷ ಮುಂದಕ್ಕೆ ಹಾಕಿದ್ದ ಕೆಲಸ.

ಕೊನೆಗೆ ಹುಡುಗ ತನ್ನ ಫೋನನ್ನು ಮನೆಯ ಜಾಲದಿಂದ ಬಿಡಿಸಿ, ಹೊರಗಿನವನಂತೆ, ಹಳೆಯ ಕಿಂಡಿಯ ವಿಳಾಸವನ್ನು ತಟ್ಟಿ ನೋಡಿದ. ಉತ್ತರವಿಲ್ಲ.

"ಮುಚ್ಚಿದೆ, ಮಾವ."

"ಇನ್ನೊಂದು ಸಲ ಎಳೆದು ನೋಡು" ಎಂದರು ಮೇಷ್ಟರು.

ಎರಡನೆಯ ಸಲವೂ ಮುಚ್ಚಿಯೇ ಇತ್ತು. ಪ್ರತಿ ಯುಗಾದಿಗೆ ಈ ಪಟ್ಟಿಯನ್ನು ಮೊದಲಿನಿಂದ ಓದಬೇಕು, ಹೊಸ ಆವೃತ್ತಿ ಬಂದಿದೆಯೇ ನೋಡಬೇಕು ಎಂದು ನೋಟುಬುಕ್ಕಿನ ಕೊನೆಯಲ್ಲಿ ಬರೆದು, ಅವರು ಕೆಳಗೆ ರುಜು ಹಾಕಿದರು.

ಮರುದಿನ ಬೆಳಿಗ್ಗೆ ಆರಕ್ಕೆ ಮೇಷ್ಟರ ಮಡದಿ ಅಂಗಳಕ್ಕೆ ನೀರು ಹಾಕಿ, ಗೇಟಿನ ಮೇಲಿನ ಕಣ್ಣನ್ನು ಒಮ್ಮೆ ನೋಡಿ, ಎಂದಿಗಿಂತ ದೊಡ್ಡ ರಂಗೋಲಿಗೆ ಚುಕ್ಕಿ ಇಡಲು ಬಾಗಿದರು.