ಜೂಮ್ ಮಾಡಿದರೂ ಕಾಣದ ಗುಳ್ಳೆಗಳು

ನಮ್ಮ ತಂಡಕ್ಕೆ ಬೋಧನಾಭ್ಯಾಸಕ್ಕೆ ಸಿಕ್ಕಿದ್ದು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆ. ಹತ್ತನೆಯ ತರಗತಿಯಲ್ಲಿ 46 ಮಕ್ಕಳು. ನನ್ನ ಪಾಲಿಗೆ ಬಂದ ಘಟಕ ‘ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು’. ಪ್ರನಾಳದಲ್ಲಿ ಸತುವಿನ ಚೂರು ಹಾಕಿ, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿದರೆ ಹೈಡ್ರೋಜನ್ ಗುಳ್ಳೆಗಳು ಏಳುತ್ತವೆ. ಮೇಜಿನ ಮೇಲೆ ಮಾಡಿ ತೋರಿಸಿದರೆ ಮುಂದಿನ ಎರಡು ಬೆಂಚಿನವರಿಗೆ ಮಾತ್ರ ಕಾಣುತ್ತದೆ. ಹಿಂದಿನವರು ಎದ್ದು ನಿಲ್ಲುತ್ತಾರೆ, ಗದ್ದಲವಾಗುತ್ತದೆ. ಪ್ರಯೋಗವನ್ನು ಮೊದಲೇ ಫೋನಿನಲ್ಲಿ ಚಿತ್ರೀಕರಿಸಿ ಶಾಲೆಯ ಟಿ.ವಿ.ಯಲ್ಲಿ ತೋರಿಸೋಣವೆಂದು, ಪಾಠಯೋಜನೆಯ ಬೋಧನೋಪಕರಣದ ಅಂಕಣದಲ್ಲಿ ‘40 ಸೆಕೆಂಡಿನ ಕಿರು ವಿಡಿಯೊ’ ಎಂದು ಬರೆದೆ.

ವಿಡಿಯೊ ಮಾಡುವುದು ನನಗೆ ಹೊಸದಲ್ಲ. ಹಾಸ್ಟೆಲಿನಲ್ಲಿ ಗೆಳತಿಯರ ರೀಲ್ಸ್‌ಗೆ ಕ್ಯಾಮೆರಾ ಹಿಡಿಯುವವಳು ನಾನೇ. ಹಾಡಿನ ತಾಳಕ್ಕೆ ಸರಿಯಾಗಿ ಎರಡು ಬೆರಳು ಅಗಲಿಸಿ ಮುಖದ ಹತ್ತಿರ ಜೂಮ್ ಮಾಡುವುದರಲ್ಲಿ ನನ್ನ ಕೈ ಪಳಗಿದೆ. ಅದೇ ಧೈರ್ಯದಲ್ಲಿ ಸಂಜೆ ಕಾಲೇಜಿನ ಪ್ರಯೋಗಾಲಯದಲ್ಲಿ, ಆಮ್ಲ ಸಿಡಿದೀತೆಂದು ದೂರವೇ ನಿಂತು, ಫೋನನ್ನು ನೆಟ್ಟಗೆ ಹಿಡಿದು, 4 ಪಟ್ಟು ಜೂಮ್ ಮಾಡಿ ಚಿತ್ರೀಕರಿಸಿದೆ. ಫೋನಿನ ಪುಟ್ಟ ಪರದೆಯಲ್ಲಿ ಚೆನ್ನಾಗಿಯೇ ಕಂಡಿತು.

ಮರುದಿನ ಟಿ.ವಿ.ಯಲ್ಲಿ ಹಾಕಿದಾಗ ನಾಚಿಕೆಯಾಯಿತು. ನೆಟ್ಟಗೆ ತೆಗೆದ ವಿಡಿಯೊ ಅಡ್ಡ ಪರದೆಯ ಮೂರನೇ ಒಂದು ಭಾಗವನ್ನೂ ತುಂಬಲಿಲ್ಲ, ಎರಡೂ ಬದಿ ಕಪ್ಪು. ನಡುವೆ ಪ್ರನಾಳ ನಡುಗುತ್ತಿತ್ತು. ಗುಳ್ಳೆಗಳೆಲ್ಲ ಕಲೆಸಿಹೋಗಿ ಹಾಲಿನಂತೆ ಕಾಣುತ್ತಿದ್ದವು. ನಾಲ್ಕನೇ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮೇಡಂರಿ, ಗುಳ್ಳಿ ಎಲ್ಲಿ ಅದಾವ್ರಿ? ಬರೇ ಬೆಳ್ಳಗ ಕಾಣತೈತ್ರಿ” ಎಂದಳು. ತರಗತಿ ನಕ್ಕಿತು. ಹಿಂದೆ ಕುಳಿತಿದ್ದ ಗುರುಮಾತೆಯವರು ವೀಕ್ಷಣಾ ಹಾಳೆಯಲ್ಲಿ ಏನೋ ಬರೆದುಕೊಂಡರು.

ರಾತ್ರಿ ಕುಳಿತು ಲೆಕ್ಕ ಹಾಕಿದೆ. ನನ್ನ ಫೋನಿನಲ್ಲಿ ಜೂಮ್‌ಗೆಂದು ಬೇರೆ ಮಸೂರವಿಲ್ಲ. ಜೂಮ್ ಮಾಡಿದಾಗ ಅದು ಚಿತ್ರದ ನಡುಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆ, ಅಷ್ಟೇ. 12 ಮೆಗಾಪಿಕ್ಸೆಲ್ ಕ್ಯಾಮೆರಾ ಎಂದರೆ 120 ಲಕ್ಷ ಚುಕ್ಕೆಗಳು. 2 ಪಟ್ಟು ಜೂಮ್‌ನಲ್ಲಿ ಉದ್ದವೂ ಅರ್ಧ, ಅಗಲವೂ ಅರ್ಧ. ಉಳಿಯುವುದು ನಾಲ್ಕನೇ ಒಂದು ಭಾಗ, 30 ಲಕ್ಷ. 4 ಪಟ್ಟಿನಲ್ಲಿ ಹದಿನಾರನೇ ಒಂದು ಭಾಗ, ಏಳೂವರೆ ಲಕ್ಷ. ರೀಲ್ಸ್‌ನ 1080 × 1920 ಅಳತೆಗೇ 20 ಲಕ್ಷಕ್ಕೂ ಹೆಚ್ಚು ಚುಕ್ಕೆ ಬೇಕು. ಕೊರತೆಯನ್ನು ಫೋನು ಅಕ್ಕಪಕ್ಕದ ಬಣ್ಣ ನೋಡಿ ಊಹಿಸಿ ತುಂಬುತ್ತದೆ. ಸಾಲದ್ದಕ್ಕೆ ಕೈಯ ನಡುಕವೂ ನಾಲ್ಕು ಪಟ್ಟಾಗುತ್ತದೆ.

ಎರಡನೇ ಸಲ ಹತ್ತಿರ ಹೋದೆ. ಗೆಳತಿ ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಂಡು ಆಮ್ಲ ಹಾಕಿದಳು. ತೀರಾ ಹತ್ತಿರ ಹೋದರೂ ಚಿತ್ರ ಮಸುಕಾಗುತ್ತದೆ. ನಮ್ಮ ಕಣ್ಣಿಗೆ 25 ಸೆಂ.ಮೀ. ಸಮೀಪ ಬಿಂದು ಇರುವಂತೆ ಕ್ಯಾಮೆರಾಕ್ಕೂ ಒಂದು ಕನಿಷ್ಠ ದೂರವಿದೆ. ಫೋಕಸ್ ಸಿಗುವಷ್ಟು ಹಿಂದೆ ಸರಿದು, ಫೋನನ್ನು ಅಡ್ಡ ಹಿಡಿದು, ಪುಸ್ತಕಗಳ ಗುಡ್ಡೆಗೆ ಆನಿಸಿ, ಪ್ರನಾಳದ ಹಿಂದೆ ಕಪ್ಪು ಕಾಗದ ನಿಲ್ಲಿಸಿದೆ. ಮೊದಲ 5 ಸೆಕೆಂಡು ಇಡೀ ಮೇಜು, ಆಮೇಲೆ ನಿಲ್ಲಿಸಿ ಹತ್ತಿರದಿಂದ ಬರೀ ಪ್ರನಾಳ. ಚಿತ್ರೀಕರಣದ ನಡುವೆ ಜೂಮ್ ಮಾಡಲೇ ಇಲ್ಲ. ಈ ಸಲ ಸತುವಿನ ಮೈಯಿಂದ ಒಂದೊಂದೇ ಗುಳ್ಳೆ ಬಿಡಿಸಿಕೊಂಡು ಮೇಲೇರುವುದು ಎಣಿಸುವಷ್ಟು ಸ್ಪಷ್ಟವಾಗಿತ್ತು.

ತರಗತಿಯಲ್ಲಿ ತೋರಿಸಿದೆ. “ಕಾಣತಾವ್ರಿ!” ಎಂದು ಕೊನೆಯ ಬೆಂಚಿನವರೂ ಕೂಗಿದರು. ನಾನು ಗೆದ್ದೆನೆಂದುಕೊಂಡು ನಾಲ್ಕನೇ ಬೆಂಚಿನ ಆ ಹುಡುಗಿಯನ್ನೇ ಕೇಳಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, ಮೆಲ್ಲಗೆ, “ಈಗೂ ಬೆಳ್ಳಗ ಕಾಣತೈತ್ರಿ” ಎಂದಳು. ಈ ಸಲ ಇನ್ನೂ ಜೋರಾಗಿ ನಕ್ಕರು.

ಬಿಡುವಿನಲ್ಲಿ ಅವಳನ್ನು ಕರೆದು ಫೋನು ಕೊಟ್ಟೆ. ಅವಳು ಅದನ್ನು ಮೂಗಿನ ಹತ್ತಿರಕ್ಕೆ, ಒಂದು ಗೇಣಿಗಿಂತ ಹತ್ತಿರ ಹಿಡಿದು ನೋಡಿ ನಕ್ಕಳು. “ಈಗ ಕಾಣತಾವ್ರಿ.”

“ಬೋರ್ಡ್ ಮ್ಯಾಲೆ ಬರದದ್ದು ಕಾಣತೈತೇನವ್ವ?”

“ಇಲ್ರಿ. ಬಾಜೂಕಿನಾಕಿದು ನೋಡಿ ಬರ್ಕೊಂತೀನ್ರಿ. ಆಕಿ ಬರದೇ ಇದ್ರ ಬಿಡತೀನ್ರಿ.”

ಅವಳ ನೋಟ್‌ಬುಕ್ಕಿನಲ್ಲಿ ನಾನು ಎರಡು ಸಲ ಕೆಂಪು ಶಾಯಿಯಲ್ಲಿ ‘ಅಪೂರ್ಣ’ ಎಂದು ಬರೆದು ಸಹಿ ಹಾಕಿದ್ದೆ. ಕಾಲೇಜಿನ ಸೂಕ್ಷ್ಮಬೋಧನೆಯಲ್ಲಿ ನಾನು ಆಯ್ದುಕೊಂಡಿದ್ದ ವಿಷಯವೇ ಸಮೀಪದೃಷ್ಟಿ. ದೂರದ ವಸ್ತುವಿನ ಬಿಂಬ ಅಕ್ಷಿಪಟಲದ ಮುಂದೆಯೇ ಮೂಡುವುದು, ನಿಮ್ನ ಮಸೂರದಿಂದ ಸರಿಪಡಿಸುವುದು, ಎಲ್ಲವನ್ನೂ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ಒಳ್ಳೆಯ ಅಂಕ ತೆಗೆದುಕೊಂಡಿದ್ದೆ. ಮೂರು ವಾರ ನನ್ನೆದುರು ಕಣ್ಣು ಕಿರಿದು ಮಾಡಿಕೊಂಡು ಕುಳಿತವಳು ಮಾತ್ರ ನನಗೆ ಕಂಡಿರಲಿಲ್ಲ.

ಅಂದೇ ಗುರುಮಾತೆಯವರಿಗೆ ಹೇಳಿ ಅವಳನ್ನು ಮೊದಲ ಬೆಂಚಿಗೆ ಕೂರಿಸಿದೆವು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ತಪಾಸಣೆಗೆ ಬಂದ ದಿನ ಅವಳು ಗೈರುಹಾಜರಾಗಿದ್ದಳಂತೆ. ಶನಿವಾರ ಅವಳ ಅಪ್ಪ ಬಂದರು. ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುವುದಾಗಿ ಒಪ್ಪಿದರು. ನಮ್ಮ ಬೋಧನಾಭ್ಯಾಸ ಮುಗಿದ ದಿನದವರೆಗೆ ಕನ್ನಡಕ ಬಂದಿರಲಿಲ್ಲ. ಆದರೆ ನೋಟ್‌ಬುಕ್ಕಿನ ಕೊನೆಯ ಆರು ಪುಟಗಳು ತುಂಬಿದ್ದವು. ‘ಅಪೂರ್ಣ’ ಎಂದಿದ್ದ ಎರಡೂ ಕಡೆ ಗೆರೆ ಎಳೆದು ನನ್ನ ಸಹಿ ಹಾಕಿ ಬಂದೆ.

ಮುಂದಿನ ತಂಡದ ಗೆಳೆಯ ಗೆಳತಿಯರಿಗೆ ಎರಡು ಮಾತು. ವಿಡಿಯೊ ಮಾಡುವಾಗ ಬೆರಳು ಅಗಲಿಸುವ ಮೊದಲು ಎರಡು ಹೆಜ್ಜೆ ಮುಂದೆ ಹೋಗಿ. ತರಗತಿಗೆ ಹೋದ ಮೊದಲ ದಿನ ಹಲಗೆಯ ಮೇಲೆ ಒಂದು ಸಾಲು ಬರೆದು, ಹಿಂದಿನ ಬೆಂಚಿನಿಂದ ಶುರುಮಾಡಿ ಎಲ್ಲರಿಂದಲೂ ಓದಿಸಿ. ಯಾರಾದರೂ ಕಾಣುವುದಿಲ್ಲ ಎಂದರೆ, ಉಳಿದವರು ನಗುವ ಮೊದಲೇ ಅವರ ಹತ್ತಿರ ಹೋಗಿ ಕೇಳಿ.