ವೈಯಕ್ತಿಕ ಸಾಲ

ಬ್ಯಾಂಕಿನವರು ಕೊಟ್ಟ ಕಾಗದದ ಮೇಲೆ ಅದರ ಹೆಸರು ‘ಪರ್ಸನಲ್ ಲೋನ್’. ಕನ್ನಡದಲ್ಲಿ ವೈಯಕ್ತಿಕ ಸಾಲ. ಇಂಗ್ಲಿಷ್ ಸಾಹಿತ್ಯವನ್ನು ಓದಿದವನಿಗೆ ಶಬ್ದಗಳನ್ನು ಹಿಡಿದು ಜಗ್ಗುವ ಚಟ ಅಷ್ಟು ಬೇಗ ಬಿಡುವುದಿಲ್ಲ. ಇಪ್ಪತ್ತು ವರ್ಷ ಸರ್ಕಾರಿ ಕಡತಗಳ ನಡುವೆ ಕುಳಿತರೂ ನನಗದು ಬಿಟ್ಟಿಲ್ಲ. ಮನೆಗೆಂದು ತಂದರೆ ಗೃಹಸಾಲ, ಕಾರಿಗೆಂದು ತಂದರೆ ವಾಹನ ಸಾಲ, ಮಕ್ಕಳ ಓದಿಗೆಂದರೆ ಶಿಕ್ಷಣ ಸಾಲ. ಹಾಸಿಗೆ ಹಿಡಿದ ತಂದೆಗಾಗಿ ತಂದದ್ದಕ್ಕೆ ಅಂಥ ಹೆಸರಿಲ್ಲ. ಅಡವಿಗೆ ವಸ್ತುವಿಲ್ಲದ, ಉದ್ದೇಶವನ್ನು ಯಾರೂ ಗಟ್ಟಿಯಾಗಿ ಕೇಳದ ಆ ಹಣ ಸಹಿ ಮಾಡಿದವನ ಹೆಸರಿಗೆ ಅಂಟಿಕೊಂಡು ‘ವೈಯಕ್ತಿಕ’ವಾಗುತ್ತದೆ.

ಅಪ್ಪ ಧಾರವಾಡದಲ್ಲಿ ಹೈಸ್ಕೂಲು ಮಾಸ್ತರರಾಗಿದ್ದು ನಿವೃತ್ತರಾದವರು. 2022ರ ಮಳೆಗಾಲದಲ್ಲಿ ಲಕ್ವ ಹೊಡೆದು ಬಲಭಾಗವೂ ಮಾತೂ ಒಟ್ಟಿಗೇ ಹೋದವು. ಅವ್ವ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಪುಣೆಗೆ, ನನ್ನ ಸರ್ಕಾರಿ ವಸತಿಗೃಹಕ್ಕೆ ಅವರನ್ನು ಕರೆತಂದೆ. ಕೇಂದ್ರ ಸರ್ಕಾರಿ ನೌಕರನಿಗೆ ಸಿಜಿಎಚ್‌ಎಸ್ ಸೌಲಭ್ಯವಿರುವಾಗ ಚಿಕಿತ್ಸೆಗೆ ಸಾಲವೇಕೆ ಎಂದು ಕೇಳಿದವರು ಹಲವರು. ತಂದೆತಾಯಿ ‘ಅವಲಂಬಿತರು’ ಎನ್ನಿಸಿಕೊಳ್ಳಬೇಕಾದರೆ ಅವರ ತಿಂಗಳ ಆದಾಯ 9,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯವನ್ನು ಮೀರಬಾರದು. ಮಾಸ್ತರರ ಪಿಂಚಣಿ ಅದನ್ನು ಮೀರುತ್ತಿತ್ತು. ಮಗನ ಮನೆಯ ಮಂಚದ ಮೇಲೆ ಮಗ್ಗುಲು ಬದಲಿಸಲೂ ಆಗದೆ ಮಲಗಿದವರು ನಿಯಮದ ಲೆಕ್ಕದಲ್ಲಿ ಸ್ವಾವಲಂಬಿಗಳು. 2004ರ ಜನವರಿ 1ರ ನಂತರ ಸೇವೆಗೆ ಸೇರಿದ ನನ್ನಂಥವರಿಗೆ ಹಿಂದಿನವರ ಹಾಗೆ ಕಷ್ಟಕಾಲಕ್ಕೆ ಕೈಹಾಕಲು ಜಿಪಿಎಫ್ ಕೂಡ ಇಲ್ಲ.

ಆಸ್ಪತ್ರೆಯ ಬಿಲ್ಲು ದೊಡ್ಡದು, ಆದರೆ ಅದಕ್ಕೊಂದು ಕೊನೆಯಿದೆ. ಕೊನೆ ಕಾಣದ್ದು ಮನೆಯ ಖರ್ಚು. ಹಗಲಿಗೊಬ್ಬ, ರಾತ್ರಿಗೊಬ್ಬ ಆರೈಕೆಯವರು, ವಾರಕ್ಕೆ ಮೂರು ಸಲ ಫಿಸಿಯೋಥೆರಪಿ, ಮೂಗಿನ ನಳಿಗೆಯಲ್ಲಿ ಇಳಿಸುವ ಆಹಾರದ ಪುಡಿ, ಬೆನ್ನು ಹುಣ್ಣಾಗದಂತೆ ಗಾಳಿಯ ಹಾಸಿಗೆ. ಅವರ ಠೇವಣಿ ಮೊದಲು ಮುಗಿಯಿತು, ಆಮೇಲೆ ನಮ್ಮದು. 2023ರ ಆಗಸ್ಟಿನಲ್ಲಿ ಶೇ. 13ರ ಬಡ್ಡಿಗೆ ಐದು ವರ್ಷದ ಅವಧಿಯ 12 ಲಕ್ಷ ತಂದೆ. ಕಂತು 27,304 ರೂಪಾಯಿ. ಅದರ ಬೆನ್ನಿಗೇ ನೌಕರರ ಪತ್ತಿನ ಸಂಘದ ಸಾಲ, ಹೆಂಡತಿಯ ಬಳೆಗಳ ಮೇಲಿನ ಸಾಲ, ತೀರದೆ ಉಳಿಯುತ್ತ ಹೋದ ಕ್ರೆಡಿಟ್ ಕಾರ್ಡಿನ ಬಾಕಿ, ಕಚೇರಿಯ ಮರಾಠಿ ಗೆಳೆಯನೊಬ್ಬನಿಂದ 2 ಲಕ್ಷ ಕೈಗಡ. 2024ರ ಏಪ್ರಿಲಿನಲ್ಲಿ ಅಪ್ಪ ಹೋದರು. ಸಾಲ ಇತ್ತು.

ಅವರು ಬದುಕಿರುವಾಗ ಧಾರವಾಡದ ಮನೆಯ ಮಾತು ಎತ್ತುವಂತಿರಲಿಲ್ಲ. ಮಾರಲು ಸಹಿ ಹಾಕಬೇಕಾದ ಕೈಯೇ ಬಿದ್ದುಹೋಗಿತ್ತು. ಅದಕ್ಕಿಂತ ಹೆಚ್ಚಾಗಿ, ಅವರ ಕಣ್ಣು ನೋಡುತ್ತಿತ್ತು.

ಊರಿನಲ್ಲಿ ಬೀಗ ಹಾಕಿದ ಮನೆ ಏನೆಂಬುದು ಹೊರನಾಡಿನಲ್ಲಿರುವ ನಮಗೆಲ್ಲ ಗೊತ್ತು. ವರ್ಷಕ್ಕೊಮ್ಮೆ ರಾತ್ರಿಯ ರೈಲು ಹಿಡಿದು, ಮೀರಜ, ಬೆಳಗಾವಿ ದಾಟಿ, ಬೆಳಗಿನ ಜಾವ ಹೋಗಿ ಇಳಿದರೆ ಮೊದಲು ಸಿಗುವುದು ಬಾಗಿಲ ಚೌಕಟ್ಟಿನ ಗೆದ್ದಲು. ಆಮೇಲೆ ಮಹಾನಗರ ಪಾಲಿಕೆಯ ಕರ, ನೀರಿನ ಬಾಕಿ, ಹಿತ್ತಲಿನ ಮಾವಿನ ಟೊಂಗೆ ತಮ್ಮ ಗೋಡೆಯ ಮೇಲೆ ಬಾಗಿದೆಯೆಂಬ ನೆರೆಯವರ ದೂರು. ಆದರೂ ಆ ಮನೆ ನಮಗೊಂದು ಉತ್ತರ. ‘ನಿಮ್ಮದು ಯಾವೂರು?’ ಎಂದು ಕೇಳಿದವರಿಗೆ ‘ಧಾರವಾಡ’ ಎಂದು ವರ್ತಮಾನಕಾಲದಲ್ಲಿ ಹೇಳುವ ಹಕ್ಕನ್ನು ಅದು ಕೊಡುತ್ತಿತ್ತು. ಅಪ್ಪ 1986ರಲ್ಲಿ ಕಟ್ಟಿದ್ದು. ಸಂಬಳದ ಸಾಲದಲ್ಲಿ ಕಟ್ಟಿ, ನಾನು ಕಾಲೇಜು ಮುಗಿಸುವವರೆಗೂ ತೀರಿಸಿದ್ದರು. ಸಾಲದಿಂದ ಎದ್ದ ಮನೆ ಎಂಬುದನ್ನು ಆಮೇಲೆ ಎಲ್ಲರೂ ಮರೆತರು.

ಮಾರುವ ಮಾತು ಬಂದಾಗ ಕಾಕಾ ಕಟುವಾಗಿಯೇ ಹೇಳಿದರು: “ಮನಿ ಮಾರಿದ ರೊಕ್ಕ ಮನಿಗೇ ಹೋಗಬೇಕು ತಮ್ಮಾ. ಸಾಲಕ್ಕ ಮನಿ ಮಾರಿದ್ರು ಅಂದ್ರ ಊರಾಗ ಏನಂತಾರ? ಬಾಡಿಗಿ ಕೊಡು, ಬಂದದ್ರಾಗ ಕಂತು ಕಟ್ಟಿಕೋತ ಹೋಗು.” ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಮನೆಗೆ ಬರಬಹುದಾಗಿದ್ದ ಬಾಡಿಗೆ ತಿಂಗಳಿಗೆ 11 ಸಾವಿರ. ಕಂತು, ಬಡ್ಡಿಗಳೆಲ್ಲ ಸೇರಿ ನನ್ನಿಂದ ಹೋಗುತ್ತಿದ್ದದ್ದು 47 ಸಾವಿರ. ಕಾರ್ಡಿನ ಬಾಕಿಯೊಂದೇ ತಿಂಗಳಿಗೆ ಶೇ. 3.5ರಂತೆ, ಮೇಲೆ ಜಿಎಸ್‌ಟಿ ಬೇರೆ, ಎಂಟು ಸಾವಿರದ ಹತ್ತಿರ ನುಂಗಿ ಅಸಲನ್ನು ಮುಟ್ಟದೆ ಬಿಡುತ್ತಿತ್ತು. ಇಂಥ ಲೆಕ್ಕದ ಮುಂದೆ ಮಾನದ ಪ್ರಶ್ನೆಯನ್ನು ಎತ್ತುವವರು ಸಾಮಾನ್ಯವಾಗಿ ಕಂತು ಕಟ್ಟುವವರಲ್ಲ.

ಸೋಜಿಗವೆಂದರೆ ಕಾಯ್ದೆಯೂ ಕಾಕಾನ ಪಕ್ಷವೇ. 1961ರ ಆದಾಯ ತೆರಿಗೆ ಕಾಯ್ದೆಯ 54ನೇ ಕಲಮಿನ ಪ್ರಕಾರ, ಮನೆ ಮಾರಿ ಬಂದ ಲಾಭದಲ್ಲಿ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ ತೆರಿಗೆಯ ವಿನಾಯಿತಿ ಇತ್ತು. ಸರ್ಕಾರ ಹೇಳಿದ ಬಾಂಡುಗಳಲ್ಲಿ ಆರು ತಿಂಗಳೊಳಗೆ ತೊಡಗಿಸಿ ಐದು ವರ್ಷ ಕೂತರೂ ಇತ್ತು. ಸಾಲ ತೀರಿಸಿದವನಿಗೆ ಒಂದು ಪೈಸೆಯಷ್ಟೂ ಇರಲಿಲ್ಲ. ಮನೆಯಿಂದ ಮನೆಗೆ ಹೋದ ಹಣ ಸಂಸಾರ ಮಾಡಿದಂತೆ, ಸಾಲಕ್ಕೆ ಹೋದದ್ದು ಪೋಲಾದಂತೆ ಎಂಬ ಹಳೆಯ ತೀರ್ಪನ್ನೇ ಶಾಸನವೂ ತನ್ನ ಭಾಷೆಯಲ್ಲಿ ಬರೆದುಕೊಂಡಿತ್ತು. ಅದೇ ಸರ್ಕಾರ 1964ರ ನಡತೆ ನಿಯಮಗಳ 17ನೆಯದರಲ್ಲಿ, ನೌಕರನು ತನ್ನ ಖಾಸಗಿ ವ್ಯವಹಾರಗಳನ್ನು ಸದಾ ಸಾಲಗಾರನಾಗದ ಹಾಗೆ ನಡೆಸಿಕೊಂಡು ಹೋಗಬೇಕೆಂದೂ ನನಗೆ ಹೇಳುತ್ತದೆ!

ಇದನ್ನೆಲ್ಲ ಬಿಡಿಸಿದ್ದು ಹುಬ್ಬಳ್ಳಿಯಲ್ಲಿರುವ ತಂಗಿ. ಅಪ್ಪ ಉಯಿಲು ಬರೆದಿರಲಿಲ್ಲ. ಸ್ವಯಾರ್ಜಿತ ಆಸ್ತಿ, ಇಬ್ಬರಿಗೂ ಸಮಪಾಲು. ನನ್ನ ಪಾಲಿನಲ್ಲಿ ನನ್ನ ಸಾಲವನ್ನು ತೀರಿಸಿಕೊಳ್ಳುವುದು ಎಂದು ನಾನು ಲೆಕ್ಕ ಹಾಕಿದ್ದೆ. ಅವಳು ಒಪ್ಪಲಿಲ್ಲ.

“ಅಣ್ಣಾ, ಅದು ನಿನ್ನ ಸಾಲ ಅಲ್ಲ, ಅಪ್ಪನ ಸಾಲ. ಮೊದಲ ಅದನ್ನ ತಗದು, ಉಳಿದದ್ದು ಹಂಚಿಕೊಳ್ಳೂಣು.”

“ಕಾಗದ ನನ್ನ ಹೆಸರಿನಾಗ ಅದ,” ಎಂದೆ.

“ಮನಿ ಕಾಗದ ಅಪ್ಪನ ಹೆಸರಿನಾಗ ಇತ್ತು. ಅದರಾಗ ನಾವ್ಯಾರೂ ಇರಲಿಲ್ಲೇನು?”

ನಾನು ಎಂ.ಎ. ತರಗತಿಯಲ್ಲಿ ಕಲಿತ ಯಾವ ಶಬ್ದಾರ್ಥ ಚರ್ಚೆಯೂ ಇಷ್ಟು ಚೊಕ್ಕವಾಗಿರಲಿಲ್ಲ. ಅವಳ ಗಂಡ ಎದುರಿಗೇ ಕುಳಿತಿದ್ದ. ಅವಳ ಮನೆಯಲ್ಲೂ ಎಂಜಿನಿಯರಿಂಗ್ ಓದುವ ಮಗನಿದ್ದಾನೆ. ಹತ್ತೂವರೆ ಲಕ್ಷವನ್ನು ಅವಳು ಬಿಟ್ಟುಕೊಟ್ಟಳು ಎಂದು ನಾನು ಹೇಳಿದರೆ ಅವಳಿಗೆ ಸಿಟ್ಟು ಬರುತ್ತದೆ. ಬಿಟ್ಟುಕೊಡಲು ಅದು ತನ್ನದಾಗಿರಲೇ ಇಲ್ಲ ಎಂಬುದು ಅವಳ ವಾದ.

ಆ ದಿನಗಳಲ್ಲಿ ಚೆಕಾಫನ ‘ಚೆರಿ ಆರ್ಚರ್ಡ್’ ನಾಟಕವನ್ನು ಮತ್ತೆ ತೆರೆದೆ. 1904ರಲ್ಲಿ ಮಾಸ್ಕೋದಲ್ಲಿ ರಂಗಕ್ಕೆ ಬಂದದ್ದು. ಸಾಲದಲ್ಲಿ ಮುಳುಗಿದ ಮನೆತನಕ್ಕೆ, ತೋಟವನ್ನು ತುಂಡು ಮಾಡಿ ಗುತ್ತಿಗೆಗೆ ಕೊಡಿ, ಉಳಿದುಕೊಳ್ಳುತ್ತೀರಿ ಎಂದು ವ್ಯಾಪಾರಿ ಲೋಪಾಖಿನ್ ಬಡಿದುಕೊಂಡು ಹೇಳುತ್ತಾನೆ. ಅವರು ಕೇಳುವುದಿಲ್ಲ, ನೆನಪುಗಳನ್ನು ಮಾತನಾಡುತ್ತ ಕೂಡುತ್ತಾರೆ. ಹರಾಜಿನಲ್ಲಿ ಅದೇ ಲೋಪಾಖಿನ್ ತೋಟವನ್ನು ಕೊಳ್ಳುತ್ತಾನೆ. ಇಪ್ಪತ್ತರ ವಯಸ್ಸಿನಲ್ಲಿ ಓದಿದಾಗ ಕಣ್ಣೀರು ತೋಟದ ಒಡತಿಗಾಗಿ ಬಂದಿತ್ತು. ಈಗ ಲೋಪಾಖಿನ್ನನ ಮಾತಿನ ಮೇಲೆಯೇ ನನ್ನ ಪೆನ್ಸಿಲು ಓಡಿತು.

2024ರ ಡಿಸೆಂಬರ್ ಮೊದಲ ವಾರದಲ್ಲಿ ನೋಂದಣಿಯಾಯಿತು. 64 ಲಕ್ಷ. 50 ಲಕ್ಷಕ್ಕೆ ಕಡಿಮೆಯಿಲ್ಲದ ವ್ಯವಹಾರವಾದ್ದರಿಂದ ಕೊಂಡವರು ಶೇ. 1ರಷ್ಟು ಟಿಡಿಎಸ್ ಮುರಿದುಕೊಂಡರು. ಸಾಲವೆಲ್ಲ ಕೂಡಿ ಹೆಚ್ಚುಕಡಿಮೆ 21 ಲಕ್ಷ. ಬ್ಯಾಂಕಿಗೆ 16 ಕಂತುಗಳಲ್ಲಿ 4.37 ಲಕ್ಷ ಕಟ್ಟಿದ್ದರೂ ಅಸಲು ಇಳಿದದ್ದು ಎರಡೂವರೆ ಲಕ್ಷದಷ್ಟೇ, 9.52 ಲಕ್ಷ ಉಳಿದಿತ್ತು. ಅವಧಿಗೆ ಮೊದಲೇ ತೀರಿಸಿದ್ದಕ್ಕೆ ಆ ಬಾಕಿಯ ಮೇಲೆ ಶೇ. 3ರ ಶುಲ್ಕ, ಅದರ ಮೇಲೆ ಜಿಎಸ್‌ಟಿ. ಸಾಲದಿಂದ ಹೊರಬೀಳುವುದಕ್ಕೂ ಟಿಕೆಟ್ ಕೊಳ್ಳಬೇಕು. 2001ರ ಏಪ್ರಿಲ್ 1ರ ಬೆಲೆಯನ್ನು ಹಿಡಿದು, ಹಣದುಬ್ಬರದ ಸೂಚ್ಯಂಕದಿಂದ ಏರಿಸಿ, ಶೇ. 20ರ ದಾರಿ ಹಗುರವೋ 12.5ರದೋ ಎಂದು ಎರಡನ್ನೂ ತೂಗಿದ ಮೇಲೆ ನನ್ನ ಪಾಲಿಗೆ ಬಂದ ತೆರಿಗೆ 2.88 ಲಕ್ಷ. ಇವೆಲ್ಲ ಕಳೆದು ನನಗೆ ಉಳಿದದ್ದು 18 ಲಕ್ಷಕ್ಕೆ ತುಸು ಮೇಲೆ. ಪುಣೆಯಲ್ಲಿ ಅದಕ್ಕೆ ಮನೆ ಬರುವುದಿಲ್ಲ. ನಿವೃತ್ತಿಗೆ ಹದಿಮೂರು ವರ್ಷವಿದೆ; ಅಂದು ವಸತಿಗೃಹದ ಕೀಲಿ ಒಪ್ಪಿಸಿ ಎಲ್ಲಿಗೆ ಹೋಗುವುದೆಂದು ಹೆಂಡತಿ ಆಗಾಗ ಕೇಳುತ್ತಾಳೆ. ನನ್ನಲ್ಲಿ ಉತ್ತರವಿಲ್ಲ. ಆದರೆ ಬಳೆಗಳು ಅವಳ ಕೈಗೆ ಮರಳಿವೆ, ತಿಂಗಳ ಐದನೆಯ ತಾರೀಖಿಗೆ ನನಗೆ ಎಚ್ಚರವಾಗುವುದು ನಿಂತಿದೆ.

ಬ್ಯಾಂಕು ‘ಬಾಕಿಯಿಲ್ಲ’ ಎಂಬ ಪತ್ರ ಕೊಟ್ಟಿತು, ಸಂಘವೂ ಕೊಟ್ಟಿತು. ಗೆಳೆಯನ 2 ಲಕ್ಷಕ್ಕೆ ಕೊಡುವಾಗಲೂ ಕಾಗದವಿರಲಿಲ್ಲ, ಮರಳಿಸುವಾಗಲೂ ಇರಲಿಲ್ಲ. ಬಡ್ಡಿಯೆಂದು ಸೇರಿಸಿದ್ದನ್ನು ಅವನು ಅಂದೇ ಸಂಜೆ ನನ್ನ ಖಾತೆಗೆ ತಿರುಗಿ ಹಾಕಿದ. ಅದರ ಮಾತೆತ್ತಿದರೆ ಕ್ರಿಕೆಟ್ಟಿನ ಮಾತಿಗೆ ಹೊರಳುತ್ತಾನೆ. ವೈಯಕ್ತಿಕ ಎಂಬ ಹೆಸರು ಯಾವುದಕ್ಕಾದರೂ ಸಲ್ಲುವುದಾದರೆ ಬಹುಶಃ ಅದಕ್ಕೇ.

ಜನವರಿ 31ರೊಳಗೆ ನಾವು ಸ್ಥಿರಾಸ್ತಿಯ ವಾರ್ಷಿಕ ವಿವರವನ್ನು ಸಲ್ಲಿಸಬೇಕು. ಹಿಂದಿನ ಡಿಸೆಂಬರ್ 31ರಂದು ಇದ್ದದ್ದರ ಲೆಕ್ಕ ಅದು. ಅದುವರೆಗಿನ ಎಲ್ಲ ವರ್ಷಗಳಲ್ಲೂ ಮನೆ ಅಪ್ಪನದಾಗಿದ್ದರಿಂದ ‘ಇಲ್ಲ’ ಎಂದು ಬರೆಯುತ್ತ ಬಂದಿದ್ದೆ. ನನ್ನದೂ ತಂಗಿಯದೂ ಆಗಿ ಅದು ಇದ್ದದ್ದು ಏಪ್ರಿಲಿನಿಂದ ಡಿಸೆಂಬರಿನವರೆಗೆ, ಎಂಟು ತಿಂಗಳು. ಹಾಗಾಗಿ ಒಂದು ವರ್ಷವೂ ಅದು ಆ ಪಟ್ಟಿಯಲ್ಲಿ ಬರಲೇ ಇಲ್ಲ. 2025ರ ಜನವರಿಯಲ್ಲಿಯೂ ‘ಇಲ್ಲ’ ಎಂದೇ ಬರೆದು ಸಹಿ ಮಾಡಿ ಕೊಟ್ಟೆ.