ಮದ್ದಿನ ಅಳತೆ

ಕನ್ನಡದಲ್ಲಿ ಮದ್ದು ಎಂಬ ಮಾತಿಗೆ ಎರಡು ಅರ್ಥಗಳಿವೆ. ಒಂದು ಮದ್ದು ವೈದ್ಯನ ಪೆಟ್ಟಿಗೆಯಲ್ಲಿರುತ್ತದೆ, ಇನ್ನೊಂದು ಕೋವಿಯ ಹೊಟ್ಟೆಯಲ್ಲಿ. ಒಂದು ಪ್ರಾಣವನ್ನು ಉಳಿಸುವುದಕ್ಕೆ, ಇನ್ನೊಂದು ತೆಗೆಯುವುದಕ್ಕೆ ಎಂದು ಹೇಳುವ ವಾಡಿಕೆಯುಂಟು. ಆದರೆ ಅಳತೆ ತಪ್ಪಿತೆಂದರೆ ಎರಡರ ಸ್ವಭಾವವೂ ಒಂದೇ. ನಾನು ಈಗ ಬರೆಯಹೊರಟಿರುವುದು ಎರಡನೆಯ ಮದ್ದಿನ ವಿಷಯ. ಕಲಾ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುವವನಿಗೂ ಪಿಸ್ತೂಲಿನ ಮದ್ದಿಗೂ ಎಲ್ಲಿಯ ನಂಟು ಎಂದು ವಾಚಕರು ಹುಬ್ಬೇರಿಸಬಹುದು. ನಂಟು ಇದೆ, ಅದನ್ನೇ ನಿವೇದಿಸುತ್ತೇನೆ.

ಓದಿನ ಸಲುವಾಗಿ ನಾನು ಎರಡು ವರ್ಷ ಅಮೆರಿಕದ ಒಹಾಯೊ ಸಂಸ್ಥಾನದಲ್ಲಿದ್ದೆ. ಬಿಡಾರ ಒಬ್ಬ ವಯೋವೃದ್ಧರ ಮನೆಯ ಮಾಳಿಗೆಯಲ್ಲಿ. ಅವರು ಕಾರ್ಖಾನೆಯೊಂದರಲ್ಲಿ ಲೇತು ಯಂತ್ರದ ಮುಂದೆ ನಿಂತು ದುಡಿದು ನಿವೃತ್ತರಾದವರು, ಹೆಂಡತಿ ತೀರಿಕೊಂಡಿದ್ದರು, ಮಗಳು ಬೇರೆ ಊರಿನಲ್ಲಿದ್ದಳು. ಅವರಿಗಿದ್ದ ಒಂದೇ ಗೀಳೆಂದರೆ ಪಿಸ್ತೂಲಿನ ಗುರಿಯಾಟ. ೨೫ ಗಜ ಮತ್ತು ೫೦ ಗಜ ದೂರದ ಕಾಗದದ ಗುರಿಗೆ ಒಂದೇ ಕೈ ಚಾಚಿ ಹೊಡೆಯುವ ಹಳೆಯ ಸಂಪ್ರದಾಯದ ಆಟವದು. ಪೂರ್ತಿ ಪಂದ್ಯವೆಂದರೆ ೨೭೦ ಗುಂಡು. ಈರಿ ಸರೋವರದ ದಂಡೆಯ ಕ್ಯಾಂಪ್ ಪೆರಿ ಎಂಬಲ್ಲಿ ೧೯೦೭ರಲ್ಲಿ ರಾಷ್ಟ್ರೀಯ ಪಂದ್ಯಗಳು ಮೊದಲಾದವು. ನಮ್ಮ ಮುದುಕರು ಪ್ರಾಯದಲ್ಲಿ ಅಲ್ಲಿ ನಿಂತು ಹೊಡೆದವರು.

ಒಂದು ಪಂದ್ಯಕ್ಕೆ ೨೭೦ ಆದರೆ ಅಭ್ಯಾಸಕ್ಕೆ ಎಷ್ಟು ಬೇಕಾದೀತು! ಅಷ್ಟೊಂದು ತೋಟಾಗಳನ್ನು ಅಂಗಡಿಯಿಂದ ತರುವುದು ಪಿಂಚಣಿದಾರರ ಕೈಲಾಗುವ ಮಾತಲ್ಲ. ಆದ್ದರಿಂದ ಅಲ್ಲಿಯ ಗುರಿಕಾರರು ಹಾರಿಸಿದ ತೋಟಾದ ಹಿತ್ತಾಳೆಯ ಚಿಪ್ಪನ್ನು ಆಯ್ದು ತಂದು ಮನೆಯಲ್ಲೇ ಮತ್ತೆ ತುಂಬಿಕೊಳ್ಳುತ್ತಾರೆ. ಉಬ್ಬಿದ ಚಿಪ್ಪನ್ನು ಅಚ್ಚಿನಲ್ಲಿ ಒತ್ತಿ ಮೊದಲಿನ ಅಳತೆಗೆ ತರುವುದು, ಹಳೆಯ ಕೇಪನ್ನು ತೆಗೆದು ಹೊಸತು ಕೂರಿಸುವುದು, ಮದ್ದು ಹಾಕುವುದು, ಸೀಸದ ಗುಂಡನ್ನು ಬಾಯಿಗೆ ಒತ್ತುವುದು—ಕೆಲಸವೆಲ್ಲ ಇಷ್ಟೇ. ಸ್ವಂತ ಬಳಕೆಗಾದರೆ ಅಲ್ಲಿ ಇದಕ್ಕೆ ಅಡ್ಡಿಯಿಲ್ಲ. ನಮ್ಮಲ್ಲಿ ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ತೋಟಾ ತಯಾರಿಸುವಂತಿಲ್ಲ. ನಾನೋ ಪರದೇಶದಿಂದ ಓದಲು ಹೋದವನು. ಅಂಥವನು ಆ ಸಾಮಾನುಗಳಿಗೆ ಕೈಹಾಕದಿರುವುದೇ ಕ್ಷೇಮ. ಹಾಗಾಗಿ ಅವರ ನೆಲಮಾಳಿಗೆಯಲ್ಲಿ ನನ್ನ ಪಾಲಿಗೆ ಬಂದದ್ದು ಗುಮಾಸ್ತಿಕೆ. ಅವರು ತೂಕ ಕೂಗುವರು, ನಾನು ಪುಸ್ತಕದಲ್ಲಿ ಬರೆಯುವೆ.

ಆ ತೂಕದ ಹೆಸರು ಗ್ರೇನ್, ಅಂದರೆ ಕಾಳು. ಒಂದು ಪೌಂಡಿಗೆ ೭೦೦೦ ಗ್ರೇನ್. ಈ ಲೆಕ್ಕ ಕೇಳಿದಾಗ ನನಗೆ ಪರದೇಶದಲ್ಲಿ ನೆಂಟರನ್ನು ಕಂಡಷ್ಟು ಸಂತೋಷವಾಯಿತು. ಏಕೆಂದರೆ ನಮ್ಮದು ಅಕ್ಕಸಾಲಿಗರ ಮನೆ. ನಮ್ಮ ಹಳೆಯ ತೊಲವೆಂದರೆ ಸರಿಯಾಗಿ ೧೮೦ ಗ್ರೇನ್. ತೊಲಕ್ಕೆ ೯೬ ಗುಲಗಂಜಿ. ಅಂದಮೇಲೆ ಒಂದು ಗುಲಗಂಜಿಗೆ ಎರಡು ಗ್ರೇನಿಗಿಂತ ತುಸು ಕಡಿಮೆ. ಮುದುಕರು ಚಿಂತಿಸುತ್ತಿದ್ದುದು ಗ್ರೇನಿನ ಹತ್ತನೆಯ ಒಂದು ಭಾಗವನ್ನು ಕುರಿತು, ಎಂದರೆ ಗುಲಗಂಜಿಯ ಹದಿನೆಂಟನೆಯ ಒಂದು ಭಾಗಕ್ಕೂ ಕಡಿಮೆ! ಅಕ್ಕನ ಚಿನ್ನವನ್ನೂ ಬಿಡದವನು ಅಕ್ಕಸಾಲಿಗನೆಂದು ನಗುವವರು ಆ ಮದ್ದಿನ ತ್ರಾಸನ್ನು ನೋಡಿದ್ದರೆ ನಮ್ಮ ಕುಲದವರನ್ನು ಉದಾರಿಗಳೆಂದು ಕರೆಯುತ್ತಿದ್ದರೇನೋ.

ಇಷ್ಟು ಸೂಕ್ಷ್ಮ ಯಾಕೆ ಎಂದರೆ, ಪಿಸ್ತೂಲಿನ ಚಿಪ್ಪಿಗೆ ಬೀಳುವ ಮದ್ದೇ ಅಲ್ಪ. ದೊಡ್ಡ ರೈಫಲ್ಲಿಗೆ ೫೦ ಗ್ರೇನ್ ಬೇಕೆಂದಿಟ್ಟುಕೊಳ್ಳಿ. ಅಲ್ಲಿ ಹತ್ತನೆಯ ಒಂದು ಭಾಗದ ಹೆಚ್ಚುಕಡಿಮೆ ನೂರಕ್ಕೆ ಕಾಲು ಪಾಲೂ ಅಲ್ಲ. ಪಿಸ್ತೂಲಿಗೆ ೪ ಗ್ರೇನ್ ಎಂದಾದರೆ ಅದೇ ಹೆಚ್ಚುಕಡಿಮೆ ನೂರಕ್ಕೆ ಎರಡೂವರೆ ಆಯಿತು. ಇದ್ದವನಿಗೆ ಒಂದು ರೂಪಾಯಿ ಕಳೆದುಹೋಗುವುದಕ್ಕೂ ಇಲ್ಲದವನಿಗೆ ಕಳೆದುಹೋಗುವುದಕ್ಕೂ ವ್ಯತ್ಯಾಸವಿಲ್ಲವೆ?

ಒಂದೊಂದು ತೋಟಾದ ಮದ್ದನ್ನೂ ತೂಗುತ್ತ ಕುಳಿತರೆ ಹೊತ್ತು ಸಾಲದು. ಆದ್ದರಿಂದ ತೂಕದ ಕೆಲಸವನ್ನು ಅಳತೆಯಿಂದ ಮಾಡಿಸುವ ಯಂತ್ರವೊಂದುಂಟು. ಮೇಲೆ ಮದ್ದು ತುಂಬುವ ಪಾತ್ರೆ, ಕೆಳಗೆ ಗುಳಿಯಿರುವ ಒಂದು ಉರುಳೆ, ಪಕ್ಕದಲ್ಲಿ ಹಿಡಿ. ಹಿಡಿಯನ್ನು ಮೇಲಕ್ಕೆತ್ತಿದರೆ ಗುಳಿ ತುಂಬುತ್ತದೆ, ಕೆಳಕ್ಕೆಳೆದರೆ ಚಿಪ್ಪಿಗೆ ಸುರಿಯುತ್ತದೆ. ತಿರುಪನ್ನು ತಿರುಗಿಸಿ ಗುಳಿಯನ್ನು ಹಿರಿದು ಕಿರಿದು ಮಾಡಬಹುದು. ನಮ್ಮ ಪಾವು ಸೇರುಗಳ ವಂಶಕ್ಕೇ ಸೇರಿದ್ದು. ಆದ್ದರಿಂದ ಪಾವು ಸೇರುಗಳ ಚೇಷ್ಟೆಯೆಲ್ಲ ಅದಕ್ಕೂ ಉಂಟು. ಹಳೆಯ ಕಾಲದ ಗೃಹಿಣಿಯನ್ನು ಕೇಳಿ ನೋಡಿ: ಅಕ್ಕಿಯನ್ನು ಸುಮ್ಮನೆ ಸುರಿದು ಅಳೆದ ಸೇರೇ ಬೇರೆ, ಕುಲುಕಿ ಕುಟ್ಟಿ ಅಳೆದ ಸೇರೇ ಬೇರೆ. ಅಳತೆಯ ಪಾತ್ರೆ ಬದಲಾಗಿಲ್ಲ, ಅಕ್ಕಿ ಬದಲಾಗಿಲ್ಲ, ಬದಲಾದದ್ದು ಕೈ.

ಮದ್ದಿನಲ್ಲೂ ಜಾತಿಗಳಿವೆ. ಸಾಸಿವೆಯಂತೆ ಉರುಟಾದದ್ದು ನೀರಿನಂತೆ ಹರಿದು ಗುಳಿಯನ್ನು ಪ್ರತಿಸಲವೂ ಒಂದೇ ಸಮನೆ ತುಂಬುತ್ತದೆ. ಅವಲಕ್ಕಿಯಂಥ ಚಪ್ಪಟೆ ಬಿಲ್ಲೆಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಕೂತು ನಡುವೆ ತೆರಪು ಬಿಡುತ್ತವೆ. ಶಾವಿಗೆಯ ತುಂಡಿನಂಥ ಕಡ್ಡಿಮದ್ದು ಕಿರಿದಾದ ದಾರಿಯಲ್ಲಿ ಸೇತುವೆ ಕಟ್ಟಿ ನಿಂತುಬಿಡುತ್ತದೆ. ಆ ಚಿಪ್ಪಿಗೆ ಅರೆಪಾಲು, ಮುಂದಿನದಕ್ಕೆ ಒಂದೂವರೆ ಪಾಲು. ಪಾತ್ರೆ ತುಂಬಿದ್ದಾಗ ಮೇಲಿನ ಭಾರದಿಂದ ಮದ್ದು ಒತ್ತಾಗಿ ಬೀಳುತ್ತದೆ, ಬರಿದಾಗುತ್ತ ಬಂದಂತೆ ಸಡಿಲವಾಗುತ್ತದೆ. ಅದಕ್ಕೆಂದು ಪಾತ್ರೆಯೊಳಗೆ ತೂತಿನ ತಗಡೊಂದನ್ನು ಅಡ್ಡವಿಟ್ಟು ಭಾರವನ್ನು ತಡೆಯುತ್ತಾರೆ. ಮದ್ದು ಅರ್ಧಕ್ಕಿಂತ ಕೆಳಗಿಳಿಯದಂತೆ ಮತ್ತೆ ತುಂಬುತ್ತಾರೆ. ಒಹಾಯೊದ ಚಳಿಗಾಲದಲ್ಲಿ ಬಿಸಿಗಾಳಿಯಿಂದ ಕೋಣೆ ಒಣಗಿದಾಗ ಪ್ಲಾಸ್ಟಿಕ್ಕಿನಲ್ಲಿ ವಿದ್ಯುತ್ತು ಹುಟ್ಟಿ ಮದ್ದಿನ ಕಣಗಳು ಗೋಡೆಗೆ ಅಂಟಿಕೊಳ್ಳುವುದುಂಟು. ಆಗ ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಹಾಳೆಯಿಂದ ಪಾತ್ರೆಯ ಒಳಗೋಡೆಯನ್ನು ಒರೆಸಿ ಆಮೇಲೆ ಮದ್ದು ತುಂಬುವರು.

ಇಷ್ಟೆಲ್ಲ ಮಾಡಿದ ಮೇಲೂ ಮೊದಲ ಏಳೆಂಟು ಅಳತೆಗಳನ್ನು ಅವರು ನಂಬುತ್ತಿರಲಿಲ್ಲ. ಮದ್ದು ನೆಲೆಗೊಳ್ಳಲೆಂದು ಅವನ್ನು ಮತ್ತೆ ಪಾತ್ರೆಗೇ ಸುರಿಯುವರು. ಬಳಿಕ ಹಿಡಿಯನ್ನು ಒಂದೇ ವೇಗದಲ್ಲಿ ಎತ್ತಿ, ಕೊನೆಯಲ್ಲಿ ಒಂದೇ ಬಗೆಯಾಗಿ 'ಟಕ್' ಎನ್ನಿಸಿ, ಒಂದೇ ವೇಗದಲ್ಲಿ ಇಳಿಸುವರು. ಮೃದಂಗದವರ ಲಯ. ಹತ್ತು ಅಳತೆಗಳನ್ನು ಒಂದೊಂದಾಗಿ ತೂಗುವರು. ತೂಗುವಾಗ ಬಿಸಿಗಾಳಿಯನ್ನು ನಿಲ್ಲಿಸುವರು. ನಮ್ಮ ತಂದೆಯವರು ಚಿನ್ನ ತೂಗುವ ಮುನ್ನ ಫ್ಯಾನು ಆರಿಸಿ, "ಯಾರೂ ಉಸಿರು ಬಿಡಬೇಡ್ರೋ" ಎಂದು ಮಕ್ಕಳನ್ನು ಗದರುತ್ತಿದ್ದುದು ನನಗೆ ನೆನಪಾಗುತ್ತಿತ್ತು.

ಹತ್ತನ್ನೂ ಒಟ್ಟಿಗೆ ತೂಗಿ ಹತ್ತರಿಂದ ಭಾಗಿಸಿದರೆ ಸಾಲದೆ, ಕೆಲಸ ಬೇಗ ಆಗುವುದಲ್ಲ ಎಂದು ನಾನು ಒಮ್ಮೆ ಕೇಳಿದೆ. ಹಾಗೆ ಮಾಡುವವರೂ ಇದ್ದಾರೆ. ಗುಳಿಯನ್ನು ಹೊಂದಿಸುವುದಕ್ಕೆ ಅದು ಒಳ್ಳೆಯ ಉಪಾಯವೇ. ಅವರು ನಕ್ಕು, "ಐದು ಚಿಪ್ಪಿಗೆ ೩.೫, ಐದಕ್ಕೆ ೪.೫ ಬಿದ್ದಿದ್ದರೆ ನಿನ್ನ ಸರಾಸರಿ ಎಷ್ಟು ಹೇಳು" ಎಂದರು. ನಾಲ್ಕು! ನಾನು ಹಣ ಕೊಟ್ಟು ಕಲಿಯಹೋಗಿದ್ದ ಶಾಸ್ತ್ರವನ್ನು ಆ ಲೇತಿನ ಕೆಲಸಗಾರರು ಪುಕ್ಕಟೆಯಾಗಿ ಹೇಳಿದರು. ಪಿಸ್ತೂಲು ಸರಾಸರಿಯನ್ನು ಹಾರಿಸುವುದಿಲ್ಲ. ತನ್ನ ಹೊಟ್ಟೆಯಲ್ಲಿರುವ ಆ ಒಂದು ತೋಟಾವನ್ನು ಹಾರಿಸುತ್ತದೆ.

ಆದರೆ ಅವರ ನಿಜವಾದ ಭಯ ಬೇರೆಯಾಗಿತ್ತು. ಅವರು ಹೆಚ್ಚಾಗಿ ಬಳಸುತ್ತಿದ್ದ ೩೮ ಸ್ಪೆಷಲ್ ಎಂಬ ತೋಟಾ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕರಿಮದ್ದಿಗೆಂದು ಹುಟ್ಟಿದ್ದು. ಕರಿಮದ್ದು ಹೆಚ್ಚು ಜಾಗ ಬೇಡುತ್ತಿತ್ತು, ಹಾಗಾಗಿ ಚಿಪ್ಪು ಉದ್ದ. ಹೊಗೆಯಿಲ್ಲದ ಈಗಿನ ಮದ್ದು ಅದರ ತಳದಲ್ಲಿ ಅಷ್ಟಿಷ್ಟು ಕೂರುತ್ತದೆ. ಮರೆತು ಹಿಡಿಯನ್ನು ಎರಡು ಸಲ ಎಳೆದರೂ ಚಿಪ್ಪು ತುಂಬಿ ಹೊರಚೆಲ್ಲುವುದಿಲ್ಲ. ಮೇಲೆ ಗುಂಡು ಕೂತರೆ ಗುಟ್ಟು ಒಳಗೇ ಉಳಿಯಿತು. ಅದನ್ನು ಹಾರಿಸಿದರೆ ರಿವಾಲ್ವರು ಸಿಡಿದೀತು. ಒಂದು ಸಲವೂ ಎಳೆಯದಿದ್ದರೆ ಕೇಪಿನ ಬಲವೊಂದರಿಂದಲೇ ಗುಂಡು ಹೊರಟು ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಅರಿಯದೆ ಹಿಂದಿನಿಂದ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತದೆ, ಇಲ್ಲವೆ ಒಡೆಯುತ್ತದೆ. "ಹತ್ತನೆಯ ಒಂದು ಭಾಗದ ತಪ್ಪು ಗುರಿಯಲ್ಲಿ ಕಂಡರೂ ಕಂಡೀತು, ಕಾಣದಿದ್ದರೂ ಇಲ್ಲ. ಎರಡು ಪಾಲಿನ ತಪ್ಪು ಕೈಯಲ್ಲಿ ಕಾಣುತ್ತದೆ" ಎನ್ನುತ್ತಿದ್ದರು. ಆದ್ದರಿಂದ ಐವತ್ತು ತೂತಿನ ಮರದ ಹಲಗೆಯಲ್ಲಿ ಚಿಪ್ಪುಗಳನ್ನು ಬಾಯಿ ಕೆಳಗಾಗಿ ನಿಲ್ಲಿಸುವರು. ಮದ್ದು ಬಿದ್ದದ್ದು ಮಾತ್ರ ಬಾಯಿ ಮೇಲಾಗುವುದು. ಕೊನೆಗೆ ಟಾರ್ಚು ಬಿಟ್ಟು ಐವತ್ತರ ಹೊಟ್ಟೆಯನ್ನೂ ಸಾಲಾಗಿ ನೋಡುವರು. ನಡುವೆ ಟೆಲಿಫೋನು ಬಾರಿಸಿದರೆ ಏಳುವಂತಿಲ್ಲ. ಏಳಲೇಬೇಕಾಗಿ ಬಂದರೆ ತುಂಬಿದ್ದನ್ನೆಲ್ಲ ಸುರಿದು ಮೊದಲಿನಿಂದ ಆರಂಭ.

ಎರಡನೆಯ ಚಳಿಗಾಲದಲ್ಲಿ ಒಂದು ಸಂಜೆ ಅವರು ಪುಸ್ತಕವನ್ನು ನನ್ನ ಮುಂದಿಟ್ಟು, "ಇದಕ್ಕೆ ನಿನ್ನ ಶಾಸ್ತ್ರ ಏನು ಹೇಳುತ್ತದೆ, ನೋಡು" ಎಂದರು. ವಾರವಾರದ ಹತ್ತು ಹತ್ತು ತೂಕಗಳನ್ನು ಜೋಡಿಸಿ ಲೆಕ್ಕ ಹಾಕಿದೆ. ಸರಾಸರಿ ಕೂದಲೆಳೆಯಷ್ಟೂ ಕದಲಿರಲಿಲ್ಲ. ಆದರೆ ಸರಾಸರಿಯ ಸುತ್ತ ತೂಕಗಳು ಚೆದುರಿದ್ದ ರೀತಿ ತಿಂಗಳಿಂದ ತಿಂಗಳಿಗೆ ಅಗಲವಾಗುತ್ತ ಬಂದಿತ್ತು. ಹೇಳುವುದೋ ಬೇಡವೋ ಎಂದು ಒಂದು ಗಳಿಗೆ ತಡೆದೆ. ಅವರ ಬಲಗೈ ಕಾಫಿಯ ಬಟ್ಟಲು ಎತ್ತುವಾಗ ಸಣ್ಣಗೆ ನಡುಗುವುದನ್ನು ನಾನು ಆಗಲೇ ಕಂಡಿದ್ದೆ. ಅಂಕಿಗಳನ್ನು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಯಂತ್ರ ಸವೆದಿರಬಹುದು" ಎಂದರು. ಇರಬಹುದು, ನಾನೂ ಹೌದೆಂದೆ.

ಮುಂದಿನ ವಾರ ಮಗಳು ಬಂದಳು. ಚಿಕ್ಕಂದಿನಲ್ಲೇ ತಂದೆಯಿಂದ ಆ ಕೆಲಸ ಕಲಿತವಳು. ಅದೇ ಯಂತ್ರ, ಅದೇ ಮದ್ದು, ಅದೇ ತಿರುಪು. ಅವಳ ಕೈಯಲ್ಲಿ ಹತ್ತು ಅಳತೆ ತೆಗೆಸಿದರು. ನಾನು ಬರೆದೆ. ಹತ್ತೂ ಅಕ್ಕತಂಗಿಯರಂತೆ ಒಂದರ ಪಕ್ಕ ಒಂದು ನಿಂತವು. ಮತ್ತೆ ಹತ್ತು ತೆಗೆಸಿದರು, ಹಾಗೆಯೇ. ಮೇಲೆ ಹೋದ ಹಿಡಿ ಅಲ್ಲಿ ನಡುಗಿದರೆ ಗುಳಿಯಲ್ಲಿ ಮದ್ದು ಕುಲುಕಿ ಇನ್ನಷ್ಟು ಕೂರುತ್ತದೆ, ಅಷ್ಟೆ. ಯಂತ್ರ ಸವೆದಿರಲಿಲ್ಲ. ಕೋಣೆಯಲ್ಲಿ ಯಾರೂ ಆ ಮಾತನ್ನು ಆಡಲಿಲ್ಲ. ಅವರೇ ಪುಸ್ತಕ ತೆಗೆದುಕೊಂಡು ಮಗಳ ಅಂಕಿಗಳ ಕೆಳಗೆ ತಾರೀಖು ಹಾಕಿದರು.

ಕೆಲವು ದಿನ ಒಂದೊಂದನ್ನೂ ತೂಗಿ ತುಂಬಿ ನೋಡಿದರು. ಐವತ್ತಕ್ಕೆ ಒಂದು ಸಂಜೆಯೇ ಕಳೆಯಿತು. ಅದಕ್ಕಿಂತ ಹೆಚ್ಚಾಗಿ, ಹಿಡಿ ಎಳೆದೆನೋ ಇಲ್ಲವೋ ಎಂಬ ಅನುಮಾನ ಅವರಿಗೆ ಅಂಟಿಕೊಂಡಿತು. ಮೊದಲು ಗೆಳೆಯರೊಬ್ಬರಿಗೆ ತುಂಬಿಕೊಡುತ್ತಿದ್ದುದನ್ನು ನಿಲ್ಲಿಸಿದರು. ಕಾರಣವನ್ನೂ ಮುಚ್ಚಿಡದೆ ಹೇಳಿದರು. ಬಳಿಕ ಯಂತ್ರವನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಮಗಳ ಊರಿಗೆ ಕಳಿಸಿದರು. ತಮಗೆ ಇಪ್ಪತ್ತೆರಡರ ಸಣ್ಣ ತೋಟಾ ಸಾಕೆಂದರು. ಅದನ್ನು ಮನೆಯಲ್ಲಿ ತುಂಬುವ ವಾಡಿಕೆಯಿಲ್ಲ, ಅಂಗಡಿಯಿಂದಲೇ ತರಬೇಕು. "ಇನ್ನು ನನ್ನ ಕೈ ನಡುಗಿದರೆ ನಷ್ಟ ಕಾಗದಕ್ಕೆ ಮಾತ್ರ" ಎಂದು ನಕ್ಕರು. ವೈದ್ಯರು ವಯಸ್ಸಿನ ನಡುಕವೆಂದು ಹೇಳಿದ್ದು ಆಮೇಲೆ. ಪುಸ್ತಕ ಅದನ್ನು ಮೊದಲೇ ಹೇಳಿತ್ತು.

ನಲವತ್ತು ವರ್ಷ ಒಂದೇ ಸಮನೆ ಆಡಿದ ಕೈಯನ್ನು ನಂಬುವುದು ಸುಲಭ. ಅದು ಬದಲಾಯಿತೆಂಬುದಕ್ಕೆ ಸಾಕ್ಷಿಯನ್ನು ತಾನೇ ವಾರವಾರವೂ ಬರೆದಿಡಿಸುವುದು, ಬರೆದದ್ದನ್ನು ಓದಿ ಎದ್ದುಹೋಗುವುದು ಕಷ್ಟ. ಸಮನಾದ ಅಳತೆಗೆ ಬೇಕಾದ ಉಪಕರಣಗಳಲ್ಲಿ ಆ ಪುಸ್ತಕವೇ ದೊಡ್ಡದೆಂದು ನನಗೆ ತೋರುತ್ತದೆ.

ನಾನು ಈಗ ಅಳೆಯುವುದು ಮದ್ದನ್ನಲ್ಲ, ಉತ್ತರಪತ್ರಿಕೆಗಳನ್ನು. ಪರೀಕ್ಷೆ ಮುಗಿದು ಕಟ್ಟು ಬಿಚ್ಚಿದಾಗ ಮೊದಲ ಏಳೆಂಟು ಪತ್ರಿಕೆಗಳ ಅಂಕಗಳನ್ನು ಸೀಸದ ಕಡ್ಡಿಯಲ್ಲಿ ಬರೆದು ಬದಿಗಿಡುತ್ತೇನೆ. ಕೈ ನೆಲೆಗೊಂಡ ಮೇಲೆ ಅವನ್ನು ಮತ್ತೆ ಓದುತ್ತೇನೆ. ರಾತ್ರಿ ಹತ್ತರ ಬಳಿಕ ಕೊಟ್ಟ ಅಂಕಗಳನ್ನು ಬೆಳಗ್ಗೆ ಕೊಟ್ಟವುಗಳ ಪಕ್ಕದಲ್ಲಿ ಇಟ್ಟು ನೋಡುತ್ತೇನೆ. ನಡುವೆ ಯಾರಾದರೂ ಕರೆದರೆ ಆ ಪತ್ರಿಕೆಯನ್ನು ಮೊದಲ ಪುಟದಿಂದ ಹಿಡಿಯುತ್ತೇನೆ. ತರಗತಿಯ ಸರಾಸರಿ ಚೆನ್ನಾಗಿದೆಯೆಂದು ಪ್ರಿನ್ಸಿಪಾಲರು ಮೆಚ್ಚಿಕೊಂಡರೆ ಸಂತೋಷವೇ. ಆದರೆ ಮನೆಗೆ ಅಂಕಪಟ್ಟಿ ಒಯ್ಯುವ ಹುಡುಗ ಸರಾಸರಿಯನ್ನು ಒಯ್ಯುವುದಿಲ್ಲ, ತನ್ನದೊಂದನ್ನು ಒಯ್ಯುತ್ತಾನೆ.